ಮುಕ್ಕಾಲು ಗಂಟೆಯ ಕುಣಿತ, ತುಂಡು ತುಂಡಾಗಿ ಮತ್ತೆ

ರಿಮಿಕ್ಸ್ ಹುಟ್ಟಿದ್ದು ಹಾಡನ್ನು ಉದ್ದ ಮಾಡಲೆಂದು. 1970ರ ದಶಕದ ನ್ಯೂಯಾರ್ಕಿನ ಡಿಸ್ಕೊಗಳಲ್ಲಿ ರೇಡಿಯೊ ಅಳತೆಯ ಮೂರು ನಿಮಿಷದ ಹಾಡು ಯಾರಿಗೂ ಸಾಲುತ್ತಿರಲಿಲ್ಲ. ಮೈ ಬಿಸಿಯೇರಿ ಕಾಲು ಲಯಕ್ಕೆ ಕೂಡುವಷ್ಟರಲ್ಲಿ ಹಾಡು ಮುಗಿದೇಹೋಗಿರುತ್ತಿತ್ತು. ಟಾಮ್ ಮೋಲ್ಟನ್‌ನಂಥವರು ಟೇಪನ್ನು ಕತ್ತರಿಸಿ, ಅಂಟಿಸಿ, ಡ್ರಮ್ಸ್ ಮತ್ತು ಬಾಸ್ ಮಾತ್ರ ಉಳಿಯುವ ಜಾಗಗಳನ್ನು ಹಿಗ್ಗಿಸತೊಡಗಿದರು. 1976ರಲ್ಲಿ ವಾಲ್ಟರ್ ಗಿಬ್ಬನ್ಸ್ ಎಂಬ ಡಿಜೆ ‘ಟೆನ್ ಪರ್ಸೆಂಟ್’ ಎಂಬ ಹಾಡನ್ನು ಹತ್ತು ನಿಮಿಷದ ಹತ್ತಿರಕ್ಕೆ ಎಳೆದಾಗ, ಸಾಲ್ಸೋಲ್ ಕಂಪನಿ ಅದನ್ನು ಹನ್ನೆರಡು ಇಂಚಿನ ತಟ್ಟೆಯ ಮೇಲೆ ಹಾಕಿ ಅಂಗಡಿಗೆ ಬಿಟ್ಟಿತು. ಅದಕ್ಕೂ ಸ್ವಲ್ಪ ಮೊದಲೇ ಜಮೈಕಾದಲ್ಲಿ ಕಿಂಗ್ ಟಬ್ಬಿ ಹಾಡಿನಿಂದ ದನಿಯನ್ನು ತೆಗೆದು, ಉಳಿದ ಲಯಕ್ಕೆ ಪ್ರತಿಧ್ವನಿ ತುಂಬಿ ‘ಡಬ್’ ಮಾಡುತ್ತಿದ್ದರು. ಎರಡು ಕಡೆಯೂ ಕೆಲಸ ಒಂದೇ: ಇದ್ದ ಹಾಡಿನೊಳಗೆ ಇನ್ನಷ್ಟು ಹೊತ್ತು ಇರಲು ಜಾಗ ಮಾಡಿಕೊಡುವುದು.

ಹಾಗಾದರೆ ಮೂಲ ಕೃತಿಯೇ ಮುಕ್ಕಾಲು ಗಂಟೆಯದಾಗಿದ್ದರೆ ರಿಮಿಕ್ಸ್ ಮಾಡುವವರಿಗೆ ಉಳಿಯುವ ಕೆಲಸವೇನು? ಅಮೆರಿಕದ ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡದ ‘45:33’ ಮತ್ತು ಅದರ ಮೇಲೆ 2009ರಲ್ಲಿ ಬಂದ ರಿಮಿಕ್ಸ್ ಆಲ್ಬಂ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವು. ಅಷ್ಟು ಹಳೆಯ ಆಲ್ಬಂ ಬಗ್ಗೆ ಇವತ್ತು ಬರೆಯಲು ಕಾರಣವಿದೆ. ಸಂಗೀತದ ಉದ್ದವನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆ ಆಗಿನದಕ್ಕಿಂತ ಈಗ ಬಿಗಿಯಾಗಿದೆ.

‘45:33’ರ ಬೇರು ಬರ್ಲಿನ್‌ನಲ್ಲಿದೆ. 1981ರ ಡಿಸೆಂಬರ್ 12ರಂದು ಮಾನುಯೆಲ್ ಗ್ಯೋಟ್ಶಿಂಗ್ ಎಂಬ ಗಿಟಾರ್ ವಾದಕ ತನ್ನ ಸ್ಟುಡಿಯೊದಲ್ಲಿ ಒಬ್ಬನೇ ಕೂತು ಸಿಂಥಸೈಜರ್ ಮತ್ತು ಸೀಕ್ವೆನ್ಸರ್‌ಗಳನ್ನು (ಕೊಟ್ಟ ಸ್ವರಗಳನ್ನು ತಾನಾಗಿ ಮತ್ತೆ ಮತ್ತೆ ನುಡಿಸುವ ಯಂತ್ರಗಳನ್ನು) ಓಡಬಿಟ್ಟು ಒಂದೇ ಉಸಿರಿಗೆ ಸುಮಾರು ಒಂದು ಗಂಟೆ ನುಡಿಸಿದ. ಹ್ಯಾಂಬರ್ಗಿಗೆ ಹೋಗುವ ವಿಮಾನದಲ್ಲಿ ವಾಕ್‌ಮನ್‌ನಲ್ಲಿ ಕೇಳಿಕೊಳ್ಳಲು ಏನಾದರೂ ಬೇಕಿತ್ತು, ಅಷ್ಟೇ ಉದ್ದೇಶ. ಎರಡೇ ಸ್ವರಮೇಳಗಳು ತೊಟ್ಟಿಲಿನ ಹಾಗೆ ಆಚೀಚೆ ತೂಗುತ್ತವೆ. ಸಣ್ಣ ಸಣ್ಣ ತಾಳದ ದನಿಗಳು ಬಂದು ಹೋಗುತ್ತವೆ. ಉತ್ತರಾರ್ಧದಲ್ಲಿ ಗಿಟಾರ್ ಸೇರುತ್ತದೆ. ಆಮೇಲೆ ಸೇರಿಸಿದ್ದಿಲ್ಲ, ತಿದ್ದಿದ್ದಿಲ್ಲ. 1984ರಲ್ಲಿ ಗೆಳೆಯ ಕ್ಲೌಸ್ ಶುಲ್ಟ್ಸೆ ಅವರ ಪುಟ್ಟ ಕಂಪನಿ ಅದನ್ನು ‘ಇ2-ಇ4’ ಎಂಬ ಹೆಸರಿನಲ್ಲಿ ತಂದಿತು. ಚದುರಂಗದಲ್ಲಿ ಬಿಳಿಯ ಕಾಲಾಳನ್ನು ಎರಡು ಮನೆ ಮುಂದಿಡುವ ನಡೆ ಅದು. ಮುಖಪುಟದಲ್ಲೂ ಚದುರಂಗದ ಮಣೆ.

ಜರ್ಮನಿಯಲ್ಲಿ ಅದಕ್ಕೆ ದೊಡ್ಡ ಸ್ವಾಗತವೇನೂ ಸಿಗಲಿಲ್ಲ. ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಎಂಬ ಕ್ಲಬ್ಬಿನಲ್ಲಿ ಡಿಜೆ ಲ್ಯಾರಿ ಲೆವಾನ್ ಅದನ್ನು ಹಾಕತೊಡಗಿದ. ಕುಣಿತಕ್ಕೆಂದು ಮಾಡದ ಸಂಗೀತಕ್ಕೆ ಜನ ಕುಣಿದರು. 1989ರಲ್ಲಿ ಇಟಲಿಯ ಒಂದು ಗುಂಪು ಅದರ ಲೂಪನ್ನು, ಅಂದರೆ ಮತ್ತೆ ಮತ್ತೆ ತಿರುಗುವ ತುಣುಕನ್ನು, ಎತ್ತಿಕೊಂಡು, ಹಕ್ಕಿಗಳ ಕೂಗು ಮತ್ತು ಹೆಣ್ಣುದನಿಯೊಂದರ ಸ್ಪ್ಯಾನಿಷ್ ಪಿಸುಮಾತು ಸೇರಿಸಿ ‘ಸುವೆನ್ಯೊ ಲಾಟಿನೊ’ ಮಾಡಿತು. 1992ರಲ್ಲಿ ಡೆಟ್ರಾಯ್ಟಿನ ಡೆರಿಕ್ ಮೇ ಆ ಹಾಡನ್ನು ಮತ್ತೆ ಕಟ್ಟಿದರು. 1994ರಲ್ಲಿ ಅದೇ ಊರಿನ ಕಾರ್ಲ್ ಕ್ರೇಗ್ ‘ರಿಮೇಕ್’ ಎಂಬ ಮುಚ್ಚುಮರೆಯಿಲ್ಲದ ಹೆಸರಿಟ್ಟು ಮೂಲಕ್ಕೇ ಮರಳಿದರು. ಅದನ್ನು ಬರ್ಲಿನ್‌ನ ಬೇಸಿಕ್ ಚಾನೆಲ್ ಎಂಬ ಜೋಡಿಯವರು ಮತ್ತೊಂದು ಸಲ ಕರಗಿಸಿ ಎರಕ ಹೊಯ್ದರು. ಬರ್ಲಿನ್‌ನಿಂದ ಹೊರಟದ್ದು ಸುತ್ತಿ ಬರ್ಲಿನ್‌ಗೇ ಬಂತು. ಇವುಗಳಲ್ಲಿ ಯಾವುದೂ ಒಂದು ಗಂಟೆಯದಲ್ಲ. ಆದರೂ ಪ್ರತಿಯೊಂದೂ ಮೂಲದ ಒಂದು ಗುಣವನ್ನು ಬಿಡದೆ ಹಿಡಿದಿದೆ: ಎಲ್ಲಿಗೂ ಹೋಗುವ ತುರ್ತಿಲ್ಲದೆ ಮುಂದೆ ಸಾಗುತ್ತಿರುವುದು. 2022ರ ಡಿಸೆಂಬರ್‌ನಲ್ಲಿ ಗ್ಯೋಟ್ಶಿಂಗ್ ತೀರಿಕೊಂಡಾಗ ಅವರನ್ನು ಹೆಚ್ಚಾಗಿ ನೆನೆದದ್ದು ಆ ಒಂದು ಗಂಟೆಗಾಗಿ.

2006ಕ್ಕೆ ಬರೋಣ. ನೈಕಿ ಕಂಪನಿ ಓಡುವವರಿಗಾಗಿ ಮುಕ್ಕಾಲು ಗಂಟೆ ಅಳತೆಯ ಸಂಗೀತದ ಸರಣಿಯೊಂದನ್ನು ಬರೆಸುತ್ತಿತ್ತು. ಕ್ರಿಸ್ಟಲ್ ಮೆಥಡ್, ಏಸಾಪ್ ರಾಕ್, ಮುಂದೆ ಡಿ ಲಾ ಸೋಲ್ ತಂಡ ಕೂಡ ಈ ಸರಣಿಗೆ ಕೆಲಸ ಮಾಡಿದ್ದುಂಟು. ಎಲ್‌ಸಿಡಿ ಸೌಂಡ್‌ಸಿಸ್ಟಮ್‌ನ ಜೇಮ್ಸ್ ಮರ್ಫಿ ಒಪ್ಪಿಕೊಂಡು ಕೊಟ್ಟದ್ದು ‘45:33’. ಓಟದ ಹಂತಗಳಿಗೆ ಹೊಂದುವಂತೆ ಇದನ್ನು ರೂಪಿಸಲಾಗಿದೆ ಎಂದು ಆಗ ಪ್ರಚಾರವಾಯಿತು. ತಾನು ಓಡುವವನೇ ಅಲ್ಲ, ‘ಇ2-ಇ4’ ಥರ ಇಡೀ ತಟ್ಟೆಯನ್ನು ತುಂಬುವ ಒಂದೇ ಕೃತಿ ಮಾಡುವ ಆಸೆ ಇತ್ತು, ಅದಕ್ಕೆ ಅವಕಾಶ ಸಿಕ್ಕಿತು ಎಂದು ಮರ್ಫಿ ಆಮೇಲೆ ಒಪ್ಪಿಕೊಂಡರು. ಮುಖಪುಟ ಕೂಡ ಗ್ಯೋಟ್ಶಿಂಗ್‌ಗೆ ಸಲ್ಲಿಸಿದ ನಮಸ್ಕಾರ. ಹೆಸರಿನ ಎರಡು ಅಂಕಿಗಳು ಗ್ರಾಮಫೋನ್ ತಟ್ಟೆ ತಿರುಗುವ ಎರಡು ವೇಗಗಳು.

ಕಂಪನಿಯೊಂದರ ಜಾಹೀರಾತಿಗೆ ಹುಟ್ಟಿದ್ದನ್ನು ಕಲೆ ಎನ್ನಬೇಕೇ ಎಂದು ಆಗ ಗೊಣಗಿದವರಿದ್ದರು. ನನಗೆ ಆ ಆಕ್ಷೇಪ ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಕಂಪನಿ ವಿಧಿಸಿದ ಚೌಕಟ್ಟೇ ಈ ಕೃತಿಗೆ ಒಳ್ಳೆಯ ಆಕಾರ ಕೊಟ್ಟಿದೆ. ಮೈ ಸಡಿಲಿಸುವ ನಿಧಾನದ ಆರಂಭ, ಮೆಲ್ಲಗೆ ಏರುವ ವೇಗ, ನಡುವೆ ಡಿಸ್ಕೊ, ಹಿತ್ತಾಳೆ ವಾದ್ಯಗಳ ಅಬ್ಬರ, ಕೊನೆಗೆ ಬೀಟೇ ಇಲ್ಲದೆ ಉಸಿರು ತಣಿಯುವ ದೀರ್ಘ ಭಾಗ. ಓಡದಿದ್ದವನು ಓಟದ ದೇಹಧರ್ಮವನ್ನು ಸರಿಯಾಗಿಯೇ ಗ್ರಹಿಸಿದ್ದ. ಇದರೊಳಗಿನ ಒಂದು ಭಾಗ ಮರುವರ್ಷ, 2007ರಲ್ಲಿ, ‘ಸೌಂಡ್ ಆಫ್ ಸಿಲ್ವರ್’ ಆಲ್ಬಂನಲ್ಲಿ ಮಾತು ಪಡೆದು ‘ಸಮ್‌ಒನ್ ಗ್ರೇಟ್’ ಎಂಬ ಹಾಡಾಯಿತು. ಹತ್ತಿರದವರೊಬ್ಬರು ಹೋಗಿಬಿಟ್ಟ ಸುದ್ದಿ ಬಂದ ಬೆಳಗನ್ನು ಆ ಹಾಡು ಸದ್ದಿಲ್ಲದೆ ನೋಡುತ್ತದೆ. ಓಟದ ಬೂಟಿಗಾಗಿ ಬರೆದ ಲೂಪಿನೊಳಗೆ ಅಷ್ಟು ದುಃಖಕ್ಕೆ ಎಡೆಯಿತ್ತು ಅನ್ನುವುದು ಮಾತು ಸೇರುವ ತನಕ ಯಾರಿಗೂ ಕೇಳಿಸಿರಲಿಲ್ಲ. ಅಂದರೆ ‘45:33’ರ ಮೊದಲ ಮರುವ್ಯಾಖ್ಯಾನ ಮಾಡಿದವರು ಸ್ವತಃ ಮರ್ಫಿಯೇ.

2007ರ ಕೊನೆಗೆ ಸಿಡಿ ಮತ್ತು ತಟ್ಟೆಯ ರೂಪದಲ್ಲಿ ಬಂದಾಗ ಇಡೀ ಕೃತಿಯನ್ನು ಭಾಗ ಮಾಡಬೇಕಾಯಿತು. ಇದು ಬರೀ ಭೌತಶಾಸ್ತ್ರದ ವಿಷಯ. ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಚೆನ್ನಾಗಿ ಕೇಳುವಂತೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಹಿಡಿಸಬಹುದು. ಬಾಸ್ ದಪ್ಪವಾಗಿ, ಜೋರಾಗಿ ಬೇಕೆಂದರೆ ಗೆರೆಗಳು ಅಗಲವಾಗಬೇಕು, ಆಗ ಹೊತ್ತು ಇನ್ನೂ ಕಡಿಮೆ. ‘ಇ2-ಇ4’ ಕೂಡ ತಟ್ಟೆಯಲ್ಲಿ ಎರಡು ಹೋಳಾಗಿತ್ತು. ಉದ್ದದ ಸಂಗೀತ ಯಾವಾಗಲೂ ತನ್ನನ್ನು ಹೊರುವ ಸಾಧನದ ಜೊತೆ ಚೌಕಾಸಿ ಮಾಡುತ್ತಲೇ ಬಂದಿದೆ.

ಧಾರವಾಡ, ಹುಬ್ಬಳ್ಳಿ ಕಡೆಯ ಕೇಳುಗರಿಗೆ ಈ ಚೌಕಾಸಿ ಹೊಸದೇನಲ್ಲ. ರಾತ್ರಿಯ ಬೈಠಕ್ಕಿನಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸುತ್ತಿದ್ದವರು 78ರ ವೇಗದ ಪ್ಲೇಟು ಬಂದಾಗ ಅದೇ ರಾಗವನ್ನು ಮೂರು ಮೂರೂವರೆ ನಿಮಿಷದಲ್ಲಿ ಮುಗಿಸಬೇಕಾಯಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಬಂದದ್ದು ಹೀಗೆಯೇ. ಅಬ್ದುಲ್ ಕರೀಂ ಖಾನ್ ಅವರ ಧ್ವನಿ ನಮಗೆ ಉಳಿದಿರುವುದೂ ಆ ಮೂರು ನಿಮಿಷಗಳಲ್ಲೇ. ಅವನ್ನು ಸಂಕ್ಷೇಪ ಎಂದು ತಳ್ಳಿಹಾಕಲಾಗದು. ಆಲಾಪಕ್ಕೆ ಹೊತ್ತಿಲ್ಲವೆಂದಾಗ ಮೊದಲ ಸ್ವರದಲ್ಲೇ ರಾಗ ನಿಲ್ಲಬೇಕು, ಮತ್ತು ಅಲ್ಲಿ ಅದು ನಿಲ್ಲುತ್ತದೆ. ಇವರಿಬ್ಬರದೂ ಆದ ಕಿರಾನಾ ಘರಾಣೆಯ ಇನ್ನೊಂದು ಕವಲು ಅಮೆರಿಕ ಮುಟ್ಟಿದ್ದೂ ಉಂಟು. ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿನ ಸಂಯೋಜಕರಾದ ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ ಪ್ರಾಣನಾಥರ ಶಿಷ್ಯರಾದರು. ರೈಲಿ ಅದಕ್ಕೂ ಮುಂಚೆ, 1964ರಲ್ಲೇ, ‘ಇನ್ ಸಿ’ ಬರೆದಿದ್ದರು: 53 ಪುಟ್ಟ ಸ್ವರಪಂಕ್ತಿಗಳು, ಪ್ರತಿಯೊಬ್ಬ ವಾದಕನೂ ಪ್ರತಿಯೊಂದನ್ನೂ ತನಗೆ ಬೇಕಾದಷ್ಟು ಸಲ ನುಡಿಸಿ ಮುಂದೆ ಸಾಗಬಹುದು. ಗ್ಯೋಟ್ಶಿಂಗ್ ಬೆಳೆದದ್ದು ಹೀಗೆ ಪುಟ್ಟ ಪಂಕ್ತಿಗಳ ಆವರ್ತನೆಯಲ್ಲೇ ಬೆಳೆಯುವ ಈ ಅಮೆರಿಕನ್ ‘ಮಿನಿಮಲ್’ ಸಂಗೀತವನ್ನು ಕೇಳುತ್ತ. 2009ರಲ್ಲಿ, ಅಂದರೆ ‘45:33’ರ ರಿಮಿಕ್ಸ್‌ಗಳು ಬಂದ ವರ್ಷವೇ, ಮಿಶಿಗನ್‌ನ ವಿಶ್ವವಿದ್ಯಾಲಯವೊಂದರ ವಾದ್ಯವೃಂದ ‘ಇನ್ ಸಿ’ಯನ್ನು ನುಡಿಸಿ, ಆ ಮುದ್ರಣವನ್ನು ಹಲವು ಸಂಯೋಜಕರಿಗೆ ಹಂಚಿ ರಿಮಿಕ್ಸ್ ಆಲ್ಬಂ ತಂದಿತು.

ಈಗ ‘45:33’ರ ರಿಮಿಕ್ಸ್‌ಗಳ ವಿಷಯ. ಕರೆಸಿಕೊಂಡವರ ಪಟ್ಟಿ ನೋಡಿದರೇ ಮರ್ಫಿಯವರ ಡಿಎಫ್‌ಎ ಎಂಬ ಧ್ವನಿಮುದ್ರಣ ಕಂಪನಿಯ ಕಿವಿ ಎಂಥದು ಅಂತ ಗೊತ್ತಾಗುತ್ತದೆ. ಡೆಟ್ರಾಯ್ಟಿನ ಥಿಯೊ ಪ್ಯಾರಿಶ್, ನಾರ್ವೆಯ ಪ್ರಿನ್ಸ್ ಥಾಮಸ್, ಫ್ರಾನ್ಸಿನ ಪಿಲೂಸ್ಕಿ, ಮ್ಯಾಂಚೆಸ್ಟರಿನ ಟ್ರಸ್‌ಮಿ, ಲಂಡನ್ನಿನ ಪ್ಯಾಡೆಡ್ ಸೆಲ್, ಜರ್ಮನಿಯ ರೈಲಿ ರೈನ್‌ಹೋಲ್ಡ್, ನ್ಯೂಯಾರ್ಕಿನ ರನ್‌ಅವೇ ಮತ್ತು ಪ್ರಿನ್ಸ್ ಲ್ಯಾಂಗ್ವೇಜ್. ರೇಡಿಯೊ ಹಿಟ್ ಮಾಡಿಕೊಡುವವರು ಇವರಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಹಳೆಯ ಡಿಸ್ಕೊ ತಟ್ಟೆಗಳ ಧೂಳಿನಲ್ಲಿ ಕೈಯಾಡಿಸಿದವರು, ಇಲ್ಲವೇ ಹೌಸ್ ಮತ್ತು ಟೆಕ್ನೊ ಎಂಬ ಯಂತ್ರಲಯದ ಕುಣಿತ ಸಂಗೀತದಲ್ಲಿ ಬೇರು ಬಿಟ್ಟವರು.

ಇವರೆಲ್ಲರ ಮುಂದಿದ್ದ ತೊಡಕನ್ನು ಸ್ವಲ್ಪ ನಿಂತು ನೋಡಬೇಕು. ಉದ್ದದ ಕೃತಿಯಲ್ಲಿ ಯಾವ ಭಾಗವೂ ಸ್ವತಂತ್ರ ಅಲ್ಲ. ಮೂವತ್ತನೆಯ ನಿಮಿಷದಲ್ಲಿ ಬರುವ ಕಹಳೆಯ ಸೊಗಸು ಅದರ ಹಿಂದಿನ ಮೂವತ್ತು ನಿಮಿಷದ ಕಾಯುವಿಕೆಯಿಂದ ಬಂದದ್ದು. ಅದೇ ಕಹಳೆಯನ್ನು ಕತ್ತರಿಸಿ ಏಳು ನಿಮಿಷದ ಟ್ರ್ಯಾಕಿನ ಮೊದಲಿಗೆ ಇಟ್ಟರೆ ಸ್ವರಗಳು ಅವೇ, ಅನುಭವ ಮಾತ್ರ ಬೇರೆ. ಅದು ಯಾವುದಕ್ಕೂ ಉತ್ತರವಾಗಿ ಬಂದಿರುವುದಿಲ್ಲ. ಹಾಗಾಗಿ ಭಾಗವನ್ನು ಎತ್ತಿಕೊಳ್ಳುವುದು ಸುಲಭ, ಆ ಭಾಗಕ್ಕೆ ತಲುಪಿಸುವ ಹೊಸ ದಾರಿ ಕಡಿಯುವುದು ಕಷ್ಟ.

ಪ್ಯಾರಿಶ್ ಆ ದಾರಿಯನ್ನು ಕಡಿದಿದ್ದಾರೆ. ‘ಸ್ಪೇಸ್ ಕೆಡೆಟ್’ ಎಂದು ಹೆಸರಿಟ್ಟ ಅವರ ಆವೃತ್ತಿಗೆ ಅವಸರವೇ ಇಲ್ಲ. ಒಂದೇ ತುಣುಕಿನ ಮೇಲೆ ಕೂತು, ಅದು ಸವೆಯುವ ತನಕ ತಿರುವಿ, ಸವೆದ ಮೇಲೆ ಒಳಗೆ ಕಾಣುವುದನ್ನು ತೋರಿಸುವುದು ಅವರ ಕ್ರಮ. ಮರ್ಫಿ ಮುಕ್ಕಾಲು ಗಂಟೆಯಲ್ಲಿ ಹಲವು ಊರು ಹಾಯುತ್ತಾರೆ. ಪ್ಯಾರಿಶ್ ಅದರಲ್ಲಿ ಒಂದು ಓಣಿಯನ್ನು ಮಾತ್ರ ಆರಿಸಿ ಅಲ್ಲೇ ಉಳಿದುಬಿಡುತ್ತಾರೆ. ನನ್ನ ಮಟ್ಟಿಗೆ ಆಲ್ಬಂನ ಎತ್ತರದ ಜಾಗ ಇದೇ. ಪ್ರಿನ್ಸ್ ಥಾಮಸ್ ಅವರದು ಇನ್ನೊಂದು ಬಗೆ. ಬಾಸ್, ತಾಳವಾದ್ಯಗಳನ್ನು ಕೈಯಾರೆ ನುಡಿಸಿ ಪದರ ಪದರವಾಗಿ ಹೊದಿಸುವುದು ಅವರಿಗೆ ರೂಢಿ. ತಮ್ಮ ರಿಮಿಕ್ಸ್‌ಗಳನ್ನು ಅವರು ‘ಡಿಸ್ಕೊಮಿಕ್ಸ್’ ಎಂದು ಕರೆಯುತ್ತಾರೆ, ಕೇಳಿದರೂ ಅದೇ ಬೆವರಿನ ಬ್ಯಾಂಡಿನ ಅನುಭವ. ಉಳಿದ ಕೆಲವು ಆವೃತ್ತಿಗಳು ಅಚ್ಚುಕಟ್ಟಾಗಿವೆ, ಕ್ಲಬ್ಬಿನಲ್ಲಿ ಕೆಲಸಕ್ಕೆ ಬರುತ್ತವೆ, ಮನೆಯಲ್ಲಿ ಎರಡನೆಯ ಸಲ ಹಾಕಬೇಕೆನ್ನಿಸುವುದಿಲ್ಲ.

ಇಡೀ ಆಲ್ಬಂ ಮೊದಲಿಂದ ಕೊನೆಗೆ ಕೇಳಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರತಿ ರಿಮಿಕ್ಸ್ ತಾನೇ ಏರಿ, ತಾನೇ ಇಳಿದು, ನೆಲ ಮುಟ್ಟುತ್ತದೆ. ಮುಂದಿನದು ಮತ್ತೆ ಸೊನ್ನೆಯಿಂದ ಹತ್ತಬೇಕು. ಮೂಲದಲ್ಲಿ ಒಂದೇ ಬೆಟ್ಟವಿತ್ತು, ಇಲ್ಲಿ ಸಾಲು ಗುಡ್ಡಗಳು. ಇದನ್ನು ಆಲ್ಬಂನ ಸೋಲು ಎಂದು ಬರೆಯುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಈ ಟ್ರ್ಯಾಕುಗಳನ್ನು ಮಾಡಿದ್ದು ಡಿಜೆಗಳ ಕೈಗೆ ಕೊಡಲು. ಒಳ್ಳೆಯ ಡಿಜೆಯೊಬ್ಬರು ನಾಲ್ಕೈದು ಗಂಟೆಯ ರಾತ್ರಿಯಲ್ಲಿ ಪ್ಯಾರಿಶ್ ಅವರ ಆವೃತ್ತಿಯನ್ನು ಎಲ್ಲಿ ಇಡಬೇಕು, ಅದಕ್ಕೆ ಮುಂಚೆ ಜನರನ್ನು ಎಷ್ಟು ಹೊತ್ತು ಕಾಯಿಸಬೇಕು ಎಂದು ತೀರ್ಮಾನಿಸುತ್ತಾರೆ. ಕೃತಿಯಿಂದ ತೆಗೆದ ಉದ್ದವನ್ನು ಡಿಜೆ ರಾತ್ರಿಗೆ ವಾಪಸ್ ಕೊಡುತ್ತಾರೆ. ಉದ್ದದ ಕೃತಿಯ ರಿಮಿಕ್ಸ್ ಆಲ್ಬಂ ಬಿಡಿಭಾಗಗಳ ಪೆಟ್ಟಿಗೆ. ಅದನ್ನು ಜೋಡಿಸುವ ಮನುಷ್ಯ ಇದ್ದಾಗ ಅದಕ್ಕೆ ಅರ್ಥ.

ಇವತ್ತಿನ ಸಮಸ್ಯೆ ಇರುವುದು ಇಲ್ಲೇ. ನಮ್ಮಲ್ಲಿ ಹೆಚ್ಚಿನವರು ಸಂಗೀತ ಕೇಳುವ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಆ ಜೋಡಿಸುವ ಮನುಷ್ಯ ಇಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಮೂರು ನಿಮಿಷದ ಹಾಡಾದರೂ ಒಂದು, ‘45:33’ರಂಥ ಕೃತಿಯನ್ನು ಒಂದೇ ಟ್ರ್ಯಾಕಾಗಿ ಪೂರ್ತಿ ಕೇಳಿದರೂ ಒಂದೇ. ಅದೇ ಮುಕ್ಕಾಲು ಗಂಟೆಯಲ್ಲಿ ಮೂರು ನಿಮಿಷದ ಹದಿನೈದು ಹಾಡು ಕೇಳಿದರೆ ಹದಿನೈದು ಸ್ಟ್ರೀಮ್. 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಟ್ರ್ಯಾಕಿಗೆ ಮುದ್ರಣದ ಬಾಬ್ತು ಹಣವೇ ಇಲ್ಲ. ಈ ಲೆಕ್ಕ ಗೊತ್ತಿರುವ ಕಂಪನಿ ಉದ್ದದ ಕೃತಿಯನ್ನು ಇಡಿಯಾಗಿ ಬಿಡುವುದಕ್ಕಿಂತ ಹೋಳು ಮಾಡಿ ಬಿಡಲು ನೋಡುತ್ತದೆ. ತಟ್ಟೆ ತನ್ನ ಮಿತಿಯಿಂದಾಗಿ ಸಂಗೀತವನ್ನು ತುಂಡು ಮಾಡುತ್ತಿತ್ತು. ಆ್ಯಪ್‌ಗೆ ಅಂಥ ಮಿತಿ ಇಲ್ಲ, ಹತ್ತು ಗಂಟೆಯ ಕೃತಿಗೂ ಅಲ್ಲಿ ಜಾಗವಿದೆ. ತುಂಡು ಮಾಡಿಸುತ್ತಿರುವುದು ಹಣ ಹಂಚುವ ರೀತಿ. ಕೇಳಿದ ಹೊತ್ತನ್ನು ಅಳೆದು ಹಣ ಹಂಚಲು ತಾಂತ್ರಿಕವಾಗಿ ಅಡ್ಡಿಯೇನೂ ಇಲ್ಲ. ಹೀಗೆ ಮಾಡದಿರುವುದು ಒಂದು ಆಯ್ಕೆ, ಮತ್ತು ಆ ಆಯ್ಕೆ ಉದ್ದದ ಸಂಗೀತ ಮಾಡುವವರಿಗೆ ಅನ್ಯಾಯ ಮಾಡುತ್ತಿದೆ.

ಹಳೆಯ ವ್ಯವಸ್ಥೆಗೂ ತನ್ನ ನಿಯಮಗಳಿದ್ದವು ಅನ್ನಿ. 1992ರಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಸಿಂಗಲ್ ಎನ್ನಿಸಿಕೊಳ್ಳಲು 40 ನಿಮಿಷ ಮೀರುವಂತಿರಲಿಲ್ಲ. ದಿ ಆರ್ಬ್ ತಂಡ 39 ನಿಮಿಷ 57 ಸೆಕೆಂಡಿನ ‘ಬ್ಲೂ ರೂಮ್’ ಮಾಡಿತು, ಅದು ಎಂಟನೆಯ ಸ್ಥಾನಕ್ಕೆ ಏರಿತು, ತಂಡದವರು ಟಿವಿಯಲ್ಲಿ ವಾದ್ಯ ನುಡಿಸುವ ಬದಲು ಚದುರಂಗ ಆಡುತ್ತ ಕೂತರು. ಆದರೆ ಆ ನಿಯಮ ಗರಿಷ್ಠ ಎಷ್ಟು ಎಂದು ಹೇಳುತ್ತಿತ್ತು. ಈಗಿನದು ಕನಿಷ್ಠ ಎಷ್ಟು ಸಾಕು ಎಂದು ಹೇಳುತ್ತದೆ, ಮತ್ತು ಎಲ್ಲರನ್ನೂ ಆ ಕನಿಷ್ಠದ ಕಡೆಗೆ ನೂಕುತ್ತದೆ.

ರಿಮಿಕ್ಸ್‌ನ ಇನ್ನೊಂದು ಒಳಗುಟ್ಟು ಅದಕ್ಕೆ ಸಿಗುವ ಕಚ್ಚಾ ಸಾಮಗ್ರಿ. ಡಿಎಫ್‌ಎ ಥರ ಕಂಪನಿಯೇ ಕರೆದು ಕೆಲಸ ಕೊಟ್ಟಾಗ ಬಾಸ್ ಬೇರೆ, ಡ್ರಮ್ಸ್ ಬೇರೆ, ದನಿ ಬೇರೆ ಎಂದು ಬಿಡಿಸಿಟ್ಟ ಟ್ರ್ಯಾಕುಗಳು ಕೈಗೆ ಬರುತ್ತವೆ. ಇವಕ್ಕೆ ‘ಸ್ಟೆಮ್’ ಎನ್ನುತ್ತಾರೆ. ಸ್ಟೆಮ್ ಇದ್ದವರು ಕೃತಿಯ ಎಲುಬು ಮುಟ್ಟಬಲ್ಲರು. ಇಲ್ಲದವರು ಪೂರ್ತಿಯಾದ ಹಾಡಿನ ಮೇಲೆ ಇನ್ನೊಂದು ಬಡಿತ ಕೂಡಿಸಬಲ್ಲರು, ಅಷ್ಟೇ. ಉತ್ತರ ಕರ್ನಾಟಕದ ಜಾತ್ರೆ, ಮೆರವಣಿಗೆಗಳಲ್ಲಿ ಡಾಲ್ಬಿ ಗಾಡಿಯಿಂದ ಕೇಳಿಬರುವ ಜಾನಪದ ಡಿಜೆ ರಿಮಿಕ್ಸ್‌ಗಳಲ್ಲಿ ಬಹಳಷ್ಟು ಹಾಡಿನ ಮೇಲೆ ಹೇರಿದ ಬಡಿತವಾಗಿ ಉಳಿಯುವುದು ಇದರಿಂದಲೇ. ಅವನ್ನು ಮಾಡುವ ಹುಡುಗರಲ್ಲಿ ಕಿವಿ ಇಲ್ಲ ಅಂತಲ್ಲ, ಅವರ ಕೈಗೆ ಬಿಡಿ ಟ್ರ್ಯಾಕು ಕೊಡುವವರಿಲ್ಲ. 2019ರಲ್ಲಿ ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ ‘ಸ್ಪ್ಲೀಟರ್’ ಎಂಬ ಸಾಧನವನ್ನು ಉಚಿತವಾಗಿ ಬಿಟ್ಟ ಮೇಲೆ ಪರಿಸ್ಥಿತಿ ಬದಲಾಗುತ್ತಿದೆ. ಯಾವ ಹಾಡನ್ನಾದರೂ ಕೊಟ್ಟರೆ ದನಿ, ಡ್ರಮ್ಸ್, ಬಾಸ್ ಬೇರ್ಪಡಿಸಿ ಕೊಡುವ ತಂತ್ರಜ್ಞಾನ ಈಗ ಮಾಮೂಲು ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಕಾನೂನು ಈ ವೇಗಕ್ಕೆ ಸಿದ್ಧವಾಗಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮು ಮಾಲೀಕರ ಒಪ್ಪಿಗೆ ಕಾಯದೆ, ರಾಯಧನ ಕಟ್ಟಿ ಹಾಡನ್ನು ಹೊಸದಾಗಿ ಹಾಡಿಸಿ ಮುದ್ರಿಸಲು ಅವಕಾಶ ಕೊಡುತ್ತದೆ. ಆದರೆ ಮೊದಲ ಮುದ್ರಣ ಬಂದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮತ್ತು ತಾಂತ್ರಿಕವಾಗಿ ಅಗತ್ಯವಾದದ್ದನ್ನು ಬಿಟ್ಟು ಕೃತಿಯಲ್ಲಿ ಬೇರೆ ಬದಲಾವಣೆ ಮಾಡುವಂತಿಲ್ಲ. ಬದಲಾಯಿಸುವುದೇ ರಿಮಿಕ್ಸ್‌ನ ಉಸಿರು. ಮೂಲ ಮುದ್ರಣದ ಧ್ವನಿಯನ್ನೇ ಬಳಸುವುದಾದರೆ ಅದರ ಮಾಲೀಕರ ಪರವಾನಗಿ ಹೇಗೂ ಬೇಕು. ಇಪ್ಪತ್ತು ವರ್ಷದ ಹಿಂದಿನ ಹಿಂದಿ ರಿಮಿಕ್ಸ್‌ಗಳ ಹಾವಳಿಯಿಂದ ಸಂಯೋಜಕರು, ಕವಿಗಳು ನೊಂದದ್ದು ನಿಜ, ಅವರ ರಕ್ಷಣೆ ಬೇಕಿತ್ತು. ಆದರೆ ಮೂಲವನ್ನು ಪ್ರೀತಿಯಿಂದ ಬಿಚ್ಚಿ ಕಟ್ಟುವವರಿಗೂ ಕೆಡಿಸಿ ಮಾರುವವರಿಗೂ ಒಂದೇ ಬಾಗಿಲು ಮುಚ್ಚಿರುವುದು ಸರಿಯಲ್ಲ. ಕನ್ನಡದ ಧ್ವನಿಮುದ್ರಣ ಕಂಪನಿಗಳು ತಮ್ಮ ಹಳೆಯ ಟೇಪುಗಳಲ್ಲಿ ಕೆಲವನ್ನಾದರೂ ಬಿಡಿ ಟ್ರ್ಯಾಕುಗಳಾಗಿ ತೆರೆದು, ಹೆಸರು ಮತ್ತು ರಾಯಧನದ ಕರಾರಿನ ಮೇಲೆ ಹೊಸಬರಿಗೆ ಕೊಟ್ಟರೆ ನಾವು ಕೇಳುವ ರಿಮಿಕ್ಸ್‌ನ ಮಟ್ಟವೇ ಬೇರೆಯಾದೀತು.

ಅಂಥ ಪ್ರಯೋಗದ ಕಿವಿ ಈ ದೇಶಕ್ಕೆ ಹೊಸದಲ್ಲ. ಗ್ಯೋಟ್ಶಿಂಗ್ ಬರ್ಲಿನ್‌ನಲ್ಲಿ ನುಡಿಸಿದ ಮರುವರ್ಷವೇ, 1982ರಲ್ಲಿ, ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಪಳಗಿದ್ದ ಚರಣ್‌ಜಿತ್ ಸಿಂಗ್ ರೋಲಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂಡಿಸಿದರು. ಗಂಟೆಗಟ್ಟಲೆ ನಡೆಯುವ ರಾಗ ಅಲ್ಲಿ ಐದು ನಿಮಿಷದ ಆಸುಪಾಸಿಗೆ ಇಳಿದಿದೆ, ಲಯ ಮಾತ್ರ ಕೊನೆಯಿಲ್ಲದ ಹಾಗೆ ಓಡುತ್ತದೆ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಡಚ್ಚರೊಬ್ಬರು ಮರುಮುದ್ರಣ ಮಾಡಿದ ಮೇಲೆ ಜಗತ್ತಿನ ಡಿಜೆಗಳು ಬೆರಗಾದರು.

‘45:33’ಕ್ಕೆ ಸಿಕ್ಕ ಅತ್ಯುತ್ತಮ ಮರುರೂಪ ಯಾವುದು ಎಂದು ಕೇಳಿದರೆ ನಾನು ರಿಮಿಕ್ಸ್ ಆಲ್ಬಂನ ಹೊರಗೆ ಬೆರಳು ತೋರಿಸುತ್ತೇನೆ. 2011ರ ಏಪ್ರಿಲ್ 2ರಂದು ಎಲ್‌ಸಿಡಿ ಸೌಂಡ್‌ಸಿಸ್ಟಮ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದಾಯದ ಕಛೇರಿ ಕೊಟ್ಟಿತು (ಕೆಲವು ವರ್ಷಗಳ ನಂತರ ತಂಡ ಮತ್ತೆ ಒಂದಾಯಿತು). ಮೂರು ಗಂಟೆ ಮೀರಿದ ಆ ರಾತ್ರಿಯ ನಡುಭಾಗವನ್ನು ಅವರು ‘45:33’ರ ಭಾಗಗಳಿಗೆ ಮೀಸಲಿಟ್ಟರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಓಡುವವನಿಗಾಗಿ, ಬಹುಪಾಲು ಒಬ್ಬನೇ ಮನುಷ್ಯ ಸ್ಟುಡಿಯೊದಲ್ಲಿ ಕಟ್ಟಿದ ಸಂಗೀತವನ್ನು ವೇದಿಕೆ ತುಂಬ ಜನ ಸೇರಿ, ಅತಿಥಿ ಗಾಯಕರನ್ನು ಕರೆದು ನುಡಿಸಿದರು. ನಡುವೆ ಬೇರೊಂದು ಹಾಡನ್ನು ತೂರಿಸಿ ಮತ್ತೆ ಮರಳಿದರು. 2014ರಲ್ಲಿ ‘ದಿ ಲಾಂಗ್ ಗುಡ್‌ಬೈ’ ಎಂಬ ಹೆಸರಿನಲ್ಲಿ ಇಡೀ ಕಛೇರಿಯ ಮುದ್ರಣ ಬಂತು. ಮೂಲ, ಪ್ಯಾರಿಶ್ ಅವರ ಆವೃತ್ತಿ, ಈ ಕಛೇರಿಯ ನಡುಭಾಗ, ಮೂರನ್ನೂ ಇದೇ ಕ್ರಮದಲ್ಲಿ ಒಂದು ಸಂಜೆ ಕೇಳಿ ನೋಡಿ, ಆ್ಯಪ್‌ನ ಆಟೊಪ್ಲೇ ಮಾತ್ರ ಆಫ್ ಮಾಡಿಟ್ಟಿರಿ.